ಬಿಸಿ ಸೋಕಬಾರದ ಗಿಂಡಿ

ನಮ್ಮ ಮನೆತನದ ಹೆಣ್ಣುಮಕ್ಕಳನ್ನೆಲ್ಲ ಧಾರೆ ಎರೆದು ಕೊಟ್ಟಿರುವುದು ಚೀನಾ ದೇಶದ ಒಂದು ಟೀ ಪಾಟಿನಿಂದ. ಬೇರೆಯವರ ಬಾಯಲ್ಲಿ ಈ ಮಾತು ಕೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನಾನು ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ. ಹೊಸೂರಿನ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೂದಲು ನೆರೆಯುವ ತನಕ ಕೆಲಸ ಮಾಡಿದೆ. ಬೇರೆಯವರು ಮಾಡಿಟ್ಟದ್ದರಲ್ಲಿ ಕುಂದು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ನಿವೃತ್ತಿಯಾದ ಮೇಲೆ ಸಂಬಳ ನಿಂತಿತು, ಅಭ್ಯಾಸ ನಿಲ್ಲಲಿಲ್ಲ. ಹೊಸೂರಿನ ಪಕ್ಕದಲ್ಲೇ ನಾವಿರುವ ಮತ್ತಿಗಿರಿಯ ತರಕಾರಿ ಅಂಗಡಿಯಲ್ಲಿ ನಾನು ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುವಾಗ ನನ್ನ ಹೆಂಡತಿ ಪಕ್ಕದ ಅಂಗಡಿಯ ಮುಂದೆ ನನ್ನ ಪರಿಚಯವೇ ಇಲ್ಲದವಳ ಹಾಗೆ ನಿಂತಿರುತ್ತಾಳೆ.

ಗಿಂಡಿಯ ಕಥೆ ಶುರುವಾಗುವುದೂ ಮತ್ತಿಗಿರಿಯಲ್ಲೇ. ನಮ್ಮ ಮುತ್ತಾತ ಇಲ್ಲಿ ಬಿಳಿಯ ದೊರೆಯೊಬ್ಬನ ಬಂಗಲೆಯಲ್ಲಿ ಅಡುಗೆ ಮಾಡಿಕೊಂಡಿದ್ದ. ದೊರೆ ತನ್ನ ದೇಶಕ್ಕೆ ಹೊರಟಾಗ ಒಂದು ಬುಟ್ಟಿ ಪಿಂಗಾಣಿ ಸಾಮಾನನ್ನು ಪ್ರೀತಿಯಿಂದ ಕೊಟ್ಟು ಹೋದನೆಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಪ್ರೀತಿಯಿಂದ ಕೊಟ್ಟನೋ, ಗಂಟುಮೂಟೆ ಕಟ್ಟುವ ಗಡಿಬಿಡಿಯಲ್ಲಿ ಮುತ್ತಾತನೇ ಒಂದು ಬುಟ್ಟಿಯನ್ನು ಬೇಲಿ ದಾಟಿಸಿದನೋ, ಆಣೆ ಇಟ್ಟು ಹೇಳುವವರು ಈಗ ಯಾರೂ ಇಲ್ಲ. ಡೆಂಕಣಿಕೋಟೆಯಿಂದ ಆಚೆಗಿರುವ ನಮ್ಮ ಹಳ್ಳಿಯಲ್ಲಿ ಆಗ ಟೀ ಕಂಡವರಿರಲಿಲ್ಲ. ಅಂಬಲಿ ಕುಡಿಯುವ ಮನೆಗೆ ಗುಂಡು ಹೊಟ್ಟೆಯ, ಒಂದು ಕಡೆ ಕೊಕ್ಕು, ಇನ್ನೊಂದು ಕಡೆ ಹಿಡಿ ಇರುವ ಪಾತ್ರೆ ಬಂದರೆ ಏನೆನ್ನುತ್ತಾರೆ? ಗಿಂಡಿ ಎಂದರು. ಗಿಂಡಿ ಎಂದಮೇಲೆ ಅದರ ಕೆಲಸವೂ ಗೊತ್ತೇ ಇತ್ತು. ಮದುವೆಯಲ್ಲಿ ಗಂಡು ಹೆಣ್ಣಿನ ಜೋಡಿಸಿದ ಕೈಗಳಲ್ಲಿ ತೆಂಗಿನಕಾಯಿ ಇಟ್ಟು ಅದರ ಮೇಲೆ ಹಾಲು ಎರೆಯುವುದಕ್ಕೆ ಬೇಕಾದದ್ದೇ ಇಂಥ ಪಾತ್ರೆ. ಹೀಗೆ ಯಾರದೋ ಮೇಜಿನ ಮೇಲೆ ಟೀ ಬಗ್ಗಿಸಬೇಕಾಗಿದ್ದದ್ದು ನಮ್ಮ ಮನೆಯ ಧಾರೆಗಿಂಡಿ ಆಯಿತು.

ನೋಡುವುದಕ್ಕೆ ಅದು ಚೆಂದವೇ. ಹಾಲಿನ ಬಿಳುಪಲ್ಲ, ತುಸು ನೀಲಿ ಬೆರೆತ ಬೂದು ಬಿಳುಪು. ಅದರ ಮೇಲೆ ನೀಲಿಯಲ್ಲಿ ಒಂದು ಕೆರೆ, ಸೇತುವೆ, ಸೇತುವೆಯ ಮೇಲೆ ಕೊಡೆ ಹಿಡಿದ ಒಬ್ಬ ಮನುಷ್ಯ. ಹಿಡಿ ಎರಡು ಬಳ್ಳಿ ಹೆಣೆದ ಹಾಗಿದೆ. ಮುಚ್ಚಳದ ತುದಿಯ ಚಿನ್ನದ ಬಣ್ಣ ಬೆರಳು ತಾಗಿ ತಾಗಿ ಹೋಗಿದೆ. ಇಂಥ ಸಾಮಾನನ್ನು ಚೀನಾದವರು ತಮಗೆಂದು ಮಾಡುತ್ತಿರಲಿಲ್ಲ, ಬಿಳಿಯರಿಗೆಂದೇ ಮಾಡಿ ಹಡಗಿನಲ್ಲಿ ತುಂಬಿಸಿ ಕಳಿಸುತ್ತಿದ್ದರು ಎಂಬುದನ್ನು ನಾನು ಇತ್ತೀಚೆಗೆ ಫೋನಿನ ವಿಡಿಯೊಗಳಲ್ಲಿ ತಿಳಿದುಕೊಂಡೆ. ಬುಟ್ಟಿಯಲ್ಲಿದ್ದ ಉಳಿದದ್ದೆಲ್ಲ ಒಡೆದು ಹೋಗಿ, ನಮ್ಮ ಕಾಲಕ್ಕೆ ಉಳಿದದ್ದು ಗಿಂಡಿ ಮತ್ತು ಅದೇ ಚಿತ್ರದ ಒಂದು ಪುಟ್ಟ ಬಟ್ಟಲು.

ಗಿಂಡಿಗೆ ನಿಯಮಗಳಿದ್ದವು. ಬಿಸಿ ಸೋಕಬಾರದು. ಹಸಿ ಹಾಲೇ ಆಗಬೇಕು, ತೊಳೆಯುವುದೂ ತಣ್ಣೀರಿನಲ್ಲೇ, ಒಲೆಯ ಹತ್ತಿರ ಇಡುವಂತಿಲ್ಲ. ಇನ್ನೊಂದು, ಧಾರೆಯ ಹೊತ್ತಿನಲ್ಲಿ ಗಿಂಡಿ ಕೈ ಬದಲಾಗಬಾರದು. ಬೇರೆ ಮನೆಗಳಲ್ಲಿ ನೆಂಟರು ಸಾಲಾಗಿ ಬಂದು ಒಬ್ಬೊಬ್ಬರೇ ಹಾಲು ಎರೆದು ಹೋಗುತ್ತಾರೆ. ನಮ್ಮಲ್ಲಿ ಹೆಣ್ಣಿನ ತಾಯಿಯೊಬ್ಬಳೇ ಹಿಡಿಯುವುದು, ಉಳಿದವರು ಅವಳ ಮೊಣಕೈ ಮುಟ್ಟಿ ಮುಂದೆ ಹೋಗುವುದು. ಯಾಕೆ ಎಂದು ಚಿಕ್ಕಂದಿನಲ್ಲಿ ಅಜ್ಜಿಯನ್ನು ಕೇಳಿದ್ದೆ. "ಆ ದೊರೆ ಅದ್ರಾಗೆ ಏನೇನ್ ಬೇಸ್ಕೊಂಡ್ ತಿಂದಿದ್ನೋ ಏನೋ ಕಣ್ಲಾ, ಬಿಸಿ ಮಾಡುದ್ರೆ ಆ ಮೈಲ್ಗೆ ಎಲ್ಲಾ ಎದ್ ಬತ್ತದೆ" ಎಂದಿದ್ದಳು. ಕೈ ಬದಲಾಗಬಾರದು ಎಂಬುದಕ್ಕೆ ಅವಳು ಕಾರಣ ಕೊಡಲಿಲ್ಲ, ತಲೆಯ ಮೇಲೆ ಒಂದು ಮೊಟಕಿದಳು.

ಅಮ್ಮ ತೀರಿಕೊಳ್ಳುವ ಮುಂಚೆ ಗಿಂಡಿಯನ್ನು ಕಿರಿಯ ಸೊಸೆಗೆ, ಅಂದರೆ ಹಳ್ಳಿಯಲ್ಲೇ ಇರುವ ನನ್ನ ತಮ್ಮನ ಹೆಂಡತಿಗೆ ಕೊಟ್ಟಳು. ಹಿರಿಯ ಸೊಸೆಯಾದ ನನ್ನ ಹೆಂಡತಿಗೆ ಕೊಟ್ಟದ್ದು ಆ ಪುಟ್ಟ ಬಟ್ಟಲು. ನನ್ನ ಹೆಂಡತಿ ಅದನ್ನು ದೇವರ ಮುಂದಿಟ್ಟು ಕುಂಕುಮ ತುಂಬಿದಳು, ಏನೂ ಅನ್ನಲಿಲ್ಲ. ಅನ್ನದೆ ಉಳಿದವನಲ್ಲ ನಾನು. ಹಿರಿಯ ಮಗನ ಮನೆಗೆ ಬಟ್ಟಲು, ಕಿರಿಯವನ ಮನೆಗೆ ಗಿಂಡಿ, ಇದು ಯಾವ ನ್ಯಾಯ? ಹಾಸಿಗೆ ಹಿಡಿದಿದ್ದ ಅಮ್ಮನ ಕಿವಿಯಲ್ಲಿ ತಮ್ಮನ ಹೆಂಡತಿ ಏನು ಊದಿದಳು? ಈ ಪ್ರಶ್ನೆ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ನನ್ನ ಜೊತೆಯಲ್ಲೇ ಓಡಾಡುತ್ತಿತ್ತು.

ನನ್ನ ಮಗಳ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಅವಲಪಲ್ಲಿಯವರು, ಮದುವೆ ಹೊಸೂರಿನ ಛತ್ರದಲ್ಲಿ. ಮಗಳು ಸೀರೆ ಒಡವೆ ಎಂದು ಹಠ ಮಾಡಿದವಳಲ್ಲ. ಅವಳು ಕೇಳಿದ್ದು ಒಂದೇ. "ನಂಗೆ ಅಜ್ಜಿ ಗಿಂಡೀಲೇ ಧಾರೆ ಆಗ್ಬೇಕಪ್ಪ. ಅತ್ತೆಗೆ ಆದಂಗೆ." ಅತ್ತೆ ಎಂದರೆ ನನ್ನ ತಂಗಿ. ಅವಳ ಮದುವೆಯ ಫೋಟೊ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಅದರಲ್ಲಿ ಅಮ್ಮ ಎರಡೂ ಕೈಯಲ್ಲಿ ಗಿಂಡಿ ಹಿಡಿದು ಬಗ್ಗಿದ್ದಾಳೆ, ಹಾಲು ನೂಲಿನ ಹಾಗೆ ಇಳಿಯುತ್ತಿದೆ. ನನ್ನ ಮಗಳು ಆ ಫೋಟೊ ನೋಡಿಕೊಂಡೇ ಬೆಳೆದವಳು. ನನಗೂ ಅದೇ ಆಸೆ ಇತ್ತು. ಇದನ್ನು ಹೇಳುವುದಕ್ಕೆ ನಾಚಿಕೆಯೇನಿಲ್ಲ.

ನಾನು ತಮ್ಮನ ಮನೆಗೆ ಹೋದೆ. ಕಾಡಿನಿಂದ ಆನೆ ಇಳಿದಿದ್ದ ಕಾಲ. ತಮ್ಮ ರಾತ್ರಿಯೆಲ್ಲ ಹೊಲ ಕಾದು ಬಂದು ಹಗಲಲ್ಲಿ ಜಗಲಿಯ ಮೇಲೆ ಬಾಯಿ ತೆರೆದು ಮಲಗಿದ್ದ. ಅವನ ಹೆಂಡತಿ ನೀರು ಕೊಟ್ಟಳು, ಮದುವೆಯ ವಿಚಾರ ಕೇಳಿದಳು, ನಕ್ಕಳು. ಗಿಂಡಿ ಎಂದ ಕೂಡಲೇ ನಗು ಹೋಯಿತು.

"ರಾಗಿ ಗುಡಾಣದೊಳ್ಗೆ ಹೂತ್ ಮಡ್ಗಿವ್ನಿ ಬಾವ. ಈಗ್ಯಾಕೆ? ಮದ್ವೆ ದಿನ ಒತ್ತಾರೆ ನಾನೇ ತತ್ತೀನಿ" ಎಂದಳು.

"ಒಂದು ಸಲ ನೋಡ್ತೀನಮ್ಮ, ಅಷ್ಟೇ" ಎಂದೆ.

"ನೋಡಾಕೇನೈತೆ ಅದ್ರಲ್ಲಿ? ಅತ್ತೆ ಹೆಂಗ್ ಕೊಟ್ರೋ ಹಂಗೇ ಐತೆ" ಎಂದು ಒಳಗೆ ಹೋದಳು. ನಾನು ಕೇಳದೆ ಇದ್ದರೂ ಒಳಗಿಂದಲೇ ಇನ್ನೊಂದು ಮಾತು ಹೇಳಿದಳು. "ಹೋದ್ ತಿಂಗ್ಳು ಹಳೇ ಸಾಮಾನ್ ಕೊಳ್ಳೋರು ವ್ಯಾನ್‌ನಾಗ್ ಬಂದಿದ್ರು ಬಾವ. ಕಂಬ, ಬಾಗ್ಲು, ಪಿಂಗಾಣಿ, ಏನಿದ್ರೂ ಕೊಡಿ ಅಂದ್ರು. ನಾನು ಏನೂ ಇಲ್ಲ ಅಂದ್ಬುಟ್ಟೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದೇ ಇರಲಿಲ್ಲ, ಇವಳು ಹೆಗಲು ಒರೆಸಿಕೊಳ್ಳುತ್ತಿದ್ದಳು. ಕಾರ್ಖಾನೆಯಲ್ಲೂ ಹೀಗೆಯೇ. ಬ್ಯಾಚು ತಂದಿಟ್ಟವನು ಕೇಳದೆಯೇ "ಎಲ್ಲಾ ಸರಿ ಇದೆ ಸಾರ್" ಎಂದರೆ ನಾನು ಮೊದಲು ಆ ಪೆಟ್ಟಿಗೆಯನ್ನೇ ತೆರೆಸುತ್ತಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯಾಚೆ ಏನೂ ಕಾಣಲಿಲ್ಲ ನನಗೆ. ವ್ಯಾನಿನವರು ಗಿಂಡಿ ಒಯ್ದಿದ್ದಾರೆ, ಗುಡಾಣದೊಳಗಿರುವುದು ಅಂಗಡಿಯ ಸಾಮಾನು, ಮದುವೆಯ ದಿನ ಗಡಿಬಿಡಿಯಲ್ಲಿ ಅದನ್ನೇ ತಂದು ಕೈಗಿಟ್ಟರೆ ಯಾರು ನೋಡುತ್ತಾರೆ ಎಂದು ಲೆಕ್ಕ ಹಾಕಿದ್ದಾಳೆ. ಹೀಗೆ ನಾನೇ ಕೇಸು ಕಟ್ಟಿ, ನಾನೇ ವಾದ ಮಾಡಿ, ಹೊಸೂರು ಬರುವುದರೊಳಗೆ ತೀರ್ಪನ್ನೂ ಕೊಟ್ಟಿದ್ದೆ.

"ಅನುಮಾನಂ ಪೆದ್ದ ರೋಗಂ" ಎಂದಳು ನನ್ನ ಹೆಂಡತಿ. ಅವಳ ತವರು ಬೇರಿಕೆ ಕಡೆ, ಬೈಯುವಾಗ ತೆಲುಗು ಬರುತ್ತದೆ. ಅನುಮಾನವೇ ದೊಡ್ಡ ರೋಗವಂತೆ.

ಮತ್ತೆ ಹೋದೆ. ಈ ಸಲ ಹೇಳದೆ ಹೋದೆ. ಕುಳು ಮೀಟಿಂಗ್ ಇರುವ ದಿನ, ಅಂದರೆ ಹೆಂಗಸರ ಉಳಿತಾಯ ಗುಂಪಿನವರು ಡೆಂಕಣಿಕೋಟೆಗೆ ಹೋಗುವ ದಿನ ಯಾವುದೆಂದು ನೋಡಿಕೊಂಡೇ ಹೋದೆ. ಮನೆಯಲ್ಲಿ ತಮ್ಮ ಒಬ್ಬನೇ ಇದ್ದ. ಪುರೋಹಿತರು ಗಿಂಡಿಯನ್ನು ಮೊದಲೇ ಪೂಜೆಗೆ ಇಡಬೇಕೆಂದರು ಎಂದು ಸುಳ್ಳು ಹೇಳಿದೆ.

"ಅವ್ಳು ಬರ್ಲಿ ಕಣಣ್ಣ. ಅದ್ನ ಅವ್ಳೇ ಎತ್ತೋದು, ನಂಗೂ ಮುಟ್ಟಾಕ್ ಬಿಡಾಕಿಲ್ಲ."

"ನಿನ್ನ ಮನೇಲಿ ನೀನು ಮುಟ್ಟೋ ಹಾಗಿಲ್ವೇನ್ಲಾ?" ಎಂದೆ. ಗಂಡಸಿಗೆ ಈ ಮಾತು ಸಾಕು. ಅವನು ಎದ್ದು ಗುಡಾಣದೊಳಗೆ ಮೊಣಕೈ ತನಕ ಕೈ ಇಳಿಸಿ, ರಾಗಿಯೊಳಗಿಂದ ಹಳೆಯ ಪಂಚೆಯಲ್ಲಿ ಸುತ್ತಿದ ಗಂಟನ್ನು ತೆಗೆದುಕೊಟ್ಟ. ನಾನು ಅದನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ.

ಮನೆಗೆ ಬಂದು ಊಟದ ಮೇಜಿನ ಮೇಲೆ ದುಪ್ಪಟಿ ಮಡಿಸಿ ಹಾಸಿದೆ. ಓದುವ ಕನ್ನಡಕ, ಭೂತಗನ್ನಡಿ, ಟಾರ್ಚು, ಹತ್ತಿ. ಮಗಳು ಕೆಲಸಕ್ಕೆ ಹೋಗಿದ್ದಳು. ಹೆಂಡತಿ ಹುಣಸೆಹಣ್ಣು ಬಿಡಿಸುತ್ತ ಎದುರಿಗೆ ಕುಳಿತು, "ಮದ್ವೆ ಹೆಣ್ಣು ನೋಡೋಕ್ ಬಂದೋರೂ ಇಷ್ಟ್ ನೋಡ್ಲಿಲ್ಲ" ಎಂದಳು.

ಮೊದಲು ಸದ್ದು. ಸಂತೆಯಲ್ಲಿ ಮಡಕೆ ಕೊಳ್ಳುವವರು ಗೆಣ್ಣಿನಿಂದ ಬಡಿದು ನೋಡುವುದಿಲ್ಲವೇ, ಹಾಗೆ. ದೇವರ ಮುಂದಿನ ಬಟ್ಟಲನ್ನು ತಂದು ಕುಂಕುಮ ಬಗ್ಗಿಸಿ, ಉಗುರಿನಿಂದ ಬಡಿದೆ. ಟಣ್ ಎಂದಿತು, ಆ ಸದ್ದು ಸ್ವಲ್ಪ ಹೊತ್ತು ನಿಂತಿತು. ಗಿಂಡಿಯನ್ನು ಬಡಿದೆ. ಟಪ್ ಎಂದಿತು, ಅಷ್ಟಕ್ಕೇ ಸತ್ತಿತು. ಒಂದೇ ಮಣ್ಣಿನ, ಒಂದೇ ಬೆಂಕಿಯ ಸಾಮಾನು ಎರಡು ಸದ್ದು ಮಾಡುವುದು ಹೇಗೆ?

ಆದರೆ ಚಿತ್ರ ಸುಳ್ಳು ಹೇಳುತ್ತಿರಲಿಲ್ಲ. ಬಟ್ಟಲಿನ ಮೇಲಿನ ಕೊಡೆಯವನೂ ಗಿಂಡಿಯ ಕೊಡೆಯವನೂ ಒಬ್ಬನೇ, ಇಬ್ಬರಿಗೂ ಕಾಲಿನ ಹತ್ತಿರ ಕುಂಚ ಜಾರಿದ ಅದೇ ಕೊಸರು. ತಳದ ಬಳೆಗೆ ಮೆರುಗಿಲ್ಲದೆ ಮರಳು ಮರಳಾಗಿರುವುದೂ, ಮೈಮೇಲೆ ಕಿತ್ತಳೆ ಸಿಪ್ಪೆಯಂತಹ ಸಣ್ಣ ತಗ್ಗುಗಳೂ ಎರಡರಲ್ಲಿ ಒಂದೇ. ಅಂಚಿನಲ್ಲಿ ಸಾಸಿವೆಯಷ್ಟು ಚಕ್ಕೆ ಹಾರಿದ್ದು ಚಿಕ್ಕಂದಿನಿಂದ ನಾನು ಕಂಡದ್ದೇ. ಗಿಂಡಿ ನಮ್ಮದೇ. ಇದರಿಂದ ಸಮಾಧಾನವಾಗಬೇಕಿತ್ತು. ಅದರ ಬದಲು ನನಗೆ ಕೆಟ್ಟ ಕೋಪ ಬಂದಿತು, ಕೈಗೆ ಸಿಕ್ಕ ಕಳ್ಳಿ ತಪ್ಪಿಸಿಕೊಂಡ ಹಾಗೆ. ಟಾರ್ಚನ್ನು ಒಳಗೆ ಬಿಟ್ಟು ಮತ್ತೆ ನೋಡಿದೆ. ಬೆಳಕು ಮೈಯೆಲ್ಲ ಹಾದು ಬಂದಿತು, ಕೊಕ್ಕು ಹೊಟ್ಟೆಗೆ ಸೇರುವ ಕಡೆ ಮಾತ್ರ ಕಪ್ಪಗೆ ಒಂದು ಬಳೆ. ಹೊರಗೆ ಅದೇ ಜಾಗದಲ್ಲಿ ನೀಲಿ ಗೆರೆ ಸ್ವಲ್ಪ ದಪ್ಪ. ಹತ್ತಿಯನ್ನು ಒದ್ದೆ ಮಾಡಿ ಒರೆಸಿದೆ. ಹತ್ತಿಗೆ ನೀಲಿ ಹತ್ತಿತು.

ಬೆಂಕಿಯಲ್ಲಿ ಬೆಂದ ಬಣ್ಣ ನೂರು ವರ್ಷ ತೊಳೆದರೂ ಹೋಗುವುದಿಲ್ಲ. ಇದು ಬಟ್ಟೆಗೆ ಹಾಕುವ ನೀಲಿ, ಸುಣ್ಣದಲ್ಲಿ ಕಲಸಿ ಹಚ್ಚಿದ್ದು. ಮೂಸಿ ನೋಡಿದೆ. ಹೊಸದು.

"ನೋಡಿದ್ಯಾ" ಎಂದು ಹತ್ತಿಯನ್ನು ಹೆಂಡತಿಯ ಮೂಗಿನ ಮುಂದೆ ಹಿಡಿದೆ. "ಒಡೆದು ಹಾಕಿದ್ದಾಳೆ. ಒಡೆದು, ಅಂಟಿಸಿ, ಬಣ್ಣ ಬಳಿದಿದ್ದಾಳೆ. ಒಡಕು ಪಾತ್ರೇಲಿ ನನ್ನ ಮಗಳಿಗೆ ಧಾರೆ ಎರೀಬೇಕು ಅಂತ ಇದ್ಲು." ಫೋನು ಕೈಗೆತ್ತಿಕೊಂಡೆ.

ಅವಳು ಹುಣಸೆ ಅಂಟಿದ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದಳು. "ಈಗ ನೀವು ಬಾಯಿಗೆ ಬಂದಂಗೆ ಅಂದ್ರೆ ನಿಮ್ ತಮ್ಮ ಮದ್ವೆಗ್ ಬರಲ್ಲ. ಚಿಕ್ಕಪ್ಪ ಇಲ್ದೆ ಮಗಳು ಹಸೆ ಮೇಲೆ ಕೂತ್ಕೊತಾಳಾ? ಅಲ್ದೆ, ಅವ್ಳಿಲ್ದಾಗ ಹೋಗಿ ಎತ್ಕೊಂಡ್ ಬಂದೋರ್ ಯಾರು? ತಾ ಕಳ್ಳ, ಪರರ ನಂಬ."

ಫೋನು ಕೆಳಗಿಟ್ಟೆ. ಅವಳ ಮಾತು ಸರಿಯಾಗಿತ್ತು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲ ತೋರಿಸಿದವನು ತಮ್ಮ, ನಾನಲ್ಲ. ನಾನು ಶಿಫ್ಟಿನಲ್ಲಿದ್ದೆ. ಅವನು ಬಾರದ ಮದುವೆ ನನಗೂ ಬೇಡ. ಹಾಗೆಂದು ಸುಮ್ಮನಿರುವುದೂ ಆಗಲಿಲ್ಲ. ಅನುಮಾನ ಸಾಲದು, ಪುರಾವೆ ಬೇಕು ಎಂದುಕೊಂಡೆ. ಒಂದು ವಿಡಿಯೊದಲ್ಲಿ ಹಳೆಯ ಪಿಂಗಾಣಿಯ ಅಂಟನ್ನು ಪತ್ತೆ ಮಾಡುವುದಕ್ಕೆ ಬಿಸಿನೀರು ಹಾಕಿ ತೋರಿಸಿದ್ದರು. ನಾನು ಎದ್ದು ನೀರು ಕಾಯಲಿಟ್ಟೆ.

"ಅದಕ್ಕೆ ಬಿಸಿ ಸೋಕಿಸ್ಬಾರ್ದು" ಎಂದಳು ಹೆಂಡತಿ.

"ಇದು ಟೀ ಪಾಟು. ಇದನ್ನ ಮಾಡಿದ್ದೇ ಕುದಿಯೋ ನೀರಿಗೆ. ಬಿಸಿಗೆ ಹೆದರಿದರೆ ಅದರಲ್ಲಿ ಮೋಸ ಇದೆ ಅಂತಲೇ ಅರ್ಥ" ಎಂದೆ. ಈಗಲೂ ಹೇಳುತ್ತೇನೆ, ಆ ತರ್ಕದಲ್ಲಿ ತಪ್ಪಿರಲಿಲ್ಲ.

ಕುದಿನೀರು ಹೊಯ್ದೆ. ಮೊದಲು ಏನೂ ಆಗಲಿಲ್ಲ. ಕೊಡೆಯವನು ಸೇತುವೆಯ ಮೇಲೆ ಹಾಗೇ ನಿಂತಿದ್ದ. ಆಮೇಲೆ ಕೊಕ್ಕಿನ ಬುಡದಿಂದ ಕೆಂಪು ಕಂದಿನ ಒಂದು ಹನಿ ಹೊರಬಂದು, ಇಳಿದು, ದುಪ್ಪಟಿಗೂ ಅದರಡಿಯ ಮೇಜಿಗೂ ಕಲೆ ಮಾಡಿತು. ಕೊಕ್ಕು ನಿಧಾನವಾಗಿ ತಲೆ ತಗ್ಗಿಸಿತು. ನಾನು ಕೈ ಕೊಡುವಷ್ಟರಲ್ಲಿ ಕಳಚಿ ದುಪ್ಪಟಿಯ ಮೇಲೆ ಬಿತ್ತು, ನೀರೆಲ್ಲ ಮೇಜಿನ ಮೇಲೆ ಹರಿಯಿತು. ಆಗ ಆ ವಾಸನೆ ಬಂದಿತು.

ಅರಗು. ಅಪ್ಪ ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಕುಡುಗೋಲಿನ ಹಿಡಿಗೆ ಅರಗು ಕಾಯಿಸಿ ತುಂಬುತ್ತಿದ್ದಾಗ ಮನೆಯೆಲ್ಲ ಬರುತ್ತಿದ್ದ ವಾಸನೆ. ಅಪ್ಪ ಹೋಗಿ ಎಷ್ಟೋ ಕಾಲವಾಗಿದೆ. ಮತ್ತಿಗಿರಿಯ ಮನೆಯ ಊಟದ ಮೇಜಿನ ಮುಂದೆ ನನಗೆ ಅಪ್ಪನ ಬೆನ್ನು ಕಂಡ ಹಾಗಾಯಿತು. ಹೆಂಡತಿ ಬಟ್ಟೆ ತಂದು ನೀರು ಒರೆಸಿದಳು.

ಅಷ್ಟಾದರೂ ನನ್ನ ಬುದ್ಧಿ ಬಿಡಲಿಲ್ಲ. ಒಡೆದದ್ದು ಅವಳೇ, ಅರಗು ಹಾಕಿದ್ದೂ ಅವಳೇ, ಹಳ್ಳಿಯಲ್ಲಿ ಇನ್ನೇನು ಸಿಗುತ್ತದೆ ಎಂದೇ ವಾದಿಸಿದೆ. ಆದರೆ ಒಳಗೆ ಬೇರೆಯದೇ ನಡೆಯುತ್ತಿತ್ತು. ಶಕುನ ಅಪಶಕುನ ಎಂದರೆ ನಗುವವನು ನಾನು. ಒಡೆದ ಮಡಕೆ ನಮ್ಮಲ್ಲಿ ಯಾವ ಕಾರ್ಯಕ್ಕೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಮಸಣದಲ್ಲಿ ಹೆಗಲ ಮೇಲೆ ಹೊತ್ತು ತೂತು ಮಾಡುವ ಮಡಕೆ. ಮಗಳು ಸಂಜೆ ಬರುತ್ತಾಳೆ, ಗಿಂಡಿ ಬಂತಾ ಎಂದು ಕೇಳುತ್ತಾಳೆ. ನನಗೆ ಭಯವಾಯಿತು. ಕೊಕ್ಕನ್ನೂ ಹೊಟ್ಟೆಯನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಗಳು ಕೇಳಿದಾಗ, ಮದುವೆಗೆ ಮುಂಚೆ ಹೆಣ್ಣು ನೋಡಬಾರದಂತೆ ಎಂದು ಇನ್ನೊಂದು ಹೊಸ ನಿಯಮ ಹುಟ್ಟಿಸಿದೆ.

ಮಾರನೆಯ ಬೆಳಿಗ್ಗೆ, ಮಗಳು ಕೆಲಸಕ್ಕೆ ಹೊರಟ ಮೇಲೆ ತಮ್ಮನ ಹೆಂಡತಿ ಬಂದಳು. ಕಂಕುಳಲ್ಲಿ ಒಂದು ಚೀಲ. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು, ಆಮೇಲೆ ಮೇಜಿನ ಮೇಲಿನ ಕೆಂಪು ಕಲೆ ನೋಡಿದಳು.

"ಬಿಸ್ನೀರ್ ಉಯ್ದ್ರಾ ಬಾವ?" ಎಂದಳು.

ನಾನು ಬೀರು ತೆರೆದು ಎರಡು ತುಂಡನ್ನೂ ತಂದಿಟ್ಟೆ. ಬಾಯಿ ಮಾಡುತ್ತಾಳೆಂದುಕೊಂಡಿದ್ದೆ. ಅವಳು ಕುಳಿತುಕೊಂಡು ಕೊಕ್ಕಿನ ಬುಡವನ್ನು ಸೆರಗಿನಿಂದ ಒರೆಸಿ ನೋಡಿದಳು. "ಸದ್ಯ, ಚಕ್ಕೆ ಹೋಗಿಲ್ಲ" ಎಂದಳು.

"ಯಾವಾಗ ಒಡೆದೆ?" ಎಂದು ಕೇಳಿದೆ. ನನ್ನ ದನಿ ಹೇಗಿತ್ತೆಂದರೆ ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು.

"ನಾನಾ?" ಎಂದು ಅವಳು ನನ್ನನ್ನೇ ನೋಡಿದಳು. "ನೀವ್ ಹುಟ್ಟೋಕ್ ಮುಂಚೇನೇ ಒಡೆದೈತೆ ಬಾವ ಇದು. ನಿಮ್ ದೊಡ್ಡತ್ತೆ ಮದ್ವೆ ದಿನ ಒತ್ತಾರೆ ನಿಮ್ಮಜ್ಜಿ ಕೈಯಿಂದ ಜಾರ್ತಂತೆ. ಹೊರಗ್ ಗೊತ್ತಾದ್ರೆ ಅಪಶಕುನ ಅಂತ ಗಂಡಿನೋರು ಎದ್ ಹೋಯ್ತಾರೆ ಅಂತ ನಿಮ್ ತಾತ ಕೊಟ್ಗೇಲಿ ಕೂತ್ಕಂಡು ಕುಡ್ಗೋಲಿನ್ ಅರಗ್ ಹಾಕಿ ನಿಲ್ಸುದ್ರಂತೆ. ಅರಗು ಬಿಸಿಗ್ ಕರಗ್ತದಲ್ಲ, ಅದ್ಕೇ ಹಸಿ ಹಾಲು. ಇನ್ನೊಬ್ರು ಹಿಡುದ್ರೆ ಅಲ್ಲಾಡ್ತದಲ್ಲ, ಅದ್ಕೇ ಕೈ ಬದ್ಲಾಗ್ಬಾರ್ದು. ಪದ್ಧತಿ ಅಂದ್ರೆ ಯಾರೂ ಕೇಳಾಕಿಲ್ಲ ಅಂತ ನಿಮ್ಮಜ್ಜಿ ಪದ್ಧತಿ ಮಾಡ್ಬುಟ್ರು."

ಪ್ರತಿ ಮದುವೆಗೆ ಮುಂಚೆ ಹಳೆಯ ಅರಗು ತೆಗೆದು ಹೊಸದು ಹಾಕುವುದು, ಸುಣ್ಣ ನೀಲಿ ಹಚ್ಚಿ ಗೆರೆ ಮುಚ್ಚುವುದು ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅವಳಿಗೆ ಬಂದಿತ್ತು. ನನ್ನ ಮಗಳ ಮದುವೆಗೆಂದೇ ಅವಳು ಹೊಸದಾಗಿ ಹಾಕಿಟ್ಟಿದ್ದಳು. ಹತ್ತಿಗೆ ಹತ್ತಿದ ನೀಲಿ ಅದೇ. ನಾನು ಗೋಡೆಯ ಮೇಲಿನ ಫೋಟೊ ನೋಡಿದೆ. ಅಮ್ಮನ ಎಡಗೈ ಹೆಬ್ಬೆರಳು ಕೊಕ್ಕಿನ ಬುಡದ ಮೇಲೆ ಒತ್ತಿ ಕೂತಿತ್ತು. ಆ ಫೋಟೊ ತೆಗೆಯುವಾಗ ನಾನು ಪಕ್ಕದಲ್ಲೇ ಇದ್ದೆ. ವರ್ಷಗಟ್ಟಲೆ ಅದರ ಕೆಳಗೆ ಕೂತು ಊಟ ಮಾಡಿದ್ದೇನೆ.

ಆದರೂ ಆ ಹಳೆಯ ಕಲ್ಲು ಚಪ್ಪಲಿಯೊಳಗೇ ಇತ್ತು. ಕೇಳಿಯೇಬಿಟ್ಟೆ. "ಹಾಗಾದ್ರೆ ಅಮ್ಮ ಇದನ್ನ ನಮಗ್ಯಾಕೆ ಹೇಳ್ಲಿಲ್ಲ? ಗಿಂಡಿ ನಿನಗ್ಯಾಕೆ ಕೊಟ್ರು?"

ಅವಳು ನನ್ನ ಹೆಂಡತಿಯ ಕಡೆ ನೋಡಿದಳು.

"ಹೇಳಮ್ಮ, ಕೇಳ್ಕೊಳ್ಳಿ" ಎಂದಳು ನನ್ನ ಹೆಂಡತಿ.

"ದೊಡ್ಡೋನ್ ಮನೆಗ್ ಕೊಡಾಕಿಲ್ಲ ಅಂದ್ರು. ಅವ್ನು ನೋಡ್ದೆ ಬಿಡಾಕಿಲ್ಲ ಅಂದ್ರು."

ನನ್ನ ಕೆಲಸದ ಬಗ್ಗೆ ಅಮ್ಮನಿಗೆ ಬಹಳ ಹೆಮ್ಮೆ ಎಂದು ತಿಳಿದುಕೊಂಡಿದ್ದೆ. ನನ್ನ ಮಗ ಕಾರ್ಖಾನೆಯಲ್ಲಿ ತಪ್ಪು ಹಿಡಿಯುವ ಕೆಲಸದಲ್ಲಿದ್ದಾನೆ ಎಂದು ಊರಿನವರಿಗೆಲ್ಲ ಅವಳು ಹೇಳುತ್ತಿದ್ದಳು. ಹೆಮ್ಮೆಯೂ ಇದ್ದಿರಬಹುದು. ನಾನು ಹೊರಗೆ ಹೋಗಿ ಸ್ವಲ್ಪ ಹೊತ್ತು ಗೇಟಿನ ಹತ್ತಿರ ನಿಂತು ಬಂದೆ.

ಅವಳ ಚೀಲದಲ್ಲಿ ಅರಗು ಇತ್ತು. ಗಿಂಡಿ ಕಾಣದೆ ಹೋದ ಕೂಡಲೇ, ನಾನು ಏನು ಮಾಡಬಹುದೆಂದು ಊಹಿಸಿ ತಂದಿದ್ದಳು. ನನ್ನ ಬಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಅಭಿಪ್ರಾಯ. ಸಣ್ಣ ಉರಿಯಲ್ಲಿ ಚಾಕುವಿನ ತುದಿಯಲ್ಲಿ ಅರಗನ್ನು ಕಾಯಿಸಿ ಅವಳು ಅಂಚಿಗೆ ಸವರಿದಳು, ನಾನು ಕೊಕ್ಕನ್ನು ಕೂರಿಸಿ ಹಿಡಿದೆ. ನನ್ನ ಕೈ ನಡುಗುವ ಕೈಯಲ್ಲ. ಅದು ಆರುವ ತನಕ ಇಬ್ಬರೂ ಅಲುಗಾಡದೆ ಎದುರು ಬದುರು ಕುಳಿತಿದ್ದೆವು. ಅವಳ ಕೈಮೇಲೆ ಹಳೆಯ ಸುಟ್ಟ ಕಲೆಗಳಿದ್ದವು. ಕ್ಷಮಿಸಮ್ಮ ಎನ್ನಬೇಕೆಂದುಕೊಂಡೆ.

"ಅಂದ್ಬುಟ್ರಿ ನನ್ನ ಕಳ್ಳಿ ಅಂತ" ಎಂದಳು ಅವಳು, ಕಣ್ಣು ಕೊಕ್ಕಿನ ಮೇಲೇ ಇಟ್ಟು.

"ಎಲ್ಲಿ ಅಂದೆ?"

"ಬಾಯಲ್ಲಿ ಅನ್ಲಿಲ್ಲ." ಅಷ್ಟು ಹೇಳಿ ಅವಳು ಸುಣ್ಣಕ್ಕೆ ನೀಲಿ ಕಲಸಿದಳು.

ಅಂದು ಗಿಂಡಿಯನ್ನು ಅವಳೇ ಚೀಲದಲ್ಲಿಟ್ಟುಕೊಂಡು ಹೋದಳು. ಮದುವೆಯ ದಿನ ಬೆಳಿಗ್ಗೆ ಅವಳೂ ತಮ್ಮನೂ ಎಲ್ಲರಿಗಿಂತ ಮೊದಲು ಛತ್ರಕ್ಕೆ ಬಂದರು. ಮಗಳು ಗಿಂಡಿ ನೋಡಿ ಕಣ್ಣು ಒರೆಸಿಕೊಂಡಳು, ಕೊಡೆಯವನನ್ನು ಬೆರಳಿಂದ ಮುಟ್ಟಿದಳು. ನನ್ನ ಹೆಂಡತಿಗೆ ಹೆಬ್ಬೆರಳು ಎಲ್ಲಿಡಬೇಕೆಂದು ತಮ್ಮನ ಹೆಂಡತಿ ಮೂಲೆಗೆ ಕರೆದು ತೋರಿಸಿಕೊಟ್ಟಳು. ನಾನು ಬೇರೆ ಕಡೆ ನೋಡುತ್ತ ನಿಂತೆ.

ಧಾರೆಗೆ ಇನ್ನೇನು ಹೊತ್ತಾಯಿತು ಎನ್ನುವಾಗ ಗಂಡಿನ ಸೋದರಮಾವ ಅಡುಗೆಮನೆಯಿಂದ ಒಂದು ಸ್ಟೀಲ್ ಜಗ್ ಹಿಡಿದುಕೊಂಡು ಬಂದ. ಅದರಿಂದ ಹಬೆ ಏಳುತ್ತಿತ್ತು. "ಹಸಿ ಹಾಲು ಒಡೆದು ಹೋಗಿದೆ. ಇದು ಈಗ ಕಾಯಿಸಿದ್ದು, ಇದನ್ನೇ ಹಾಕಿ" ಎಂದು ಗಿಂಡಿಯ ಮುಚ್ಚಳಕ್ಕೇ ಕೈ ಹಾಕಿದ.

ನಾನು ಜಗ್ಗನ್ನು ಹಿಡಿದುಕೊಂಡೆ. ಕೈ ಸುಟ್ಟಿತು, ಬಿಡಲಿಲ್ಲ. "ಬಿಸಿ ಸೋಕಬಾರದು" ಎಂದೆ. "ನಮ್ಮ ಮನೆತನದ ಪದ್ಧತಿ."

"ಯಾಕೆ?" ಎಂದ. ಕಣ್ಣು ಕಿರಿದು ಮಾಡಿ ಕೊಕ್ಕಿನ ಕಡೆಗೇ ನೋಡುತ್ತಿದ್ದ. ಅವನೂ ಯಾವುದೋ ಕಾರ್ಖಾನೆಯಲ್ಲಿ ಇದ್ದವನೇ ಎಂದು ಆಮೇಲೆ ತಿಳಿಯಿತು.

"ಆ ದೊರೆ ಇದರಲ್ಲಿ ಏನೇನು ಬೇಯಿಸಿ ತಿಂದಿದ್ದನೋ. ಬಿಸಿ ಮಾಡಿದರೆ ಮೈಲಿಗೆ ಎದ್ದು ಬರುತ್ತೆ" ಎಂದೆ. ಪಕ್ಕದಲ್ಲಿದ್ದ ಮುದುಕಿಯರು ಹೌದು ಹೌದು ಎಂದು ತಲೆಯಾಡಿಸಿದರು. ತಮ್ಮ ಹೋಗಿ ಹಾಲಿನ ಅಂಗಡಿಯಿಂದ ತಣ್ಣಗಿನ ಪ್ಯಾಕೆಟ್ ಹಾಲು ತಂದ. ಪ್ಯಾಕೆಟ್ಟಿನದು ಹಸಿ ಹಾಲಲ್ಲ ಎಂದು ಯಾರೂ ಕೇಳಲಿಲ್ಲ, ನಾನಂತೂ ಕೇಳಲಿಲ್ಲ. ನನ್ನ ಹೆಂಡತಿ ಹೆಬ್ಬೆರಳು ಒತ್ತಿ ಹಿಡಿದು ಎರೆದಳು. ಹಾಲು ಫೋಟೊದಲ್ಲಿದ್ದ ಹಾಗೆಯೇ ನೂಲಾಗಿ ಮಗಳ ಕೈಮೇಲೆ ಇಳಿಯಿತು. ತಮ್ಮ ಬಂದು ನನ್ನ ಹೆಂಡತಿಯ ಮೊಣಕೈ ಮುಟ್ಟಿ ಹೋದ, ಸೋದರಮಾವನೂ ಮುಟ್ಟಿ ಹೋದ. ಎಲ್ಲಿಯೂ ಒಂದು ಹನಿ ಸೋರಲಿಲ್ಲ.

ಸಂಜೆ ತಮ್ಮನೂ ಅವನ ಹೆಂಡತಿಯೂ ಹೊರಟರು. ನಾನು ಬಸ್ ನಿಲ್ದಾಣದ ತನಕ ಹೋದೆ. ಡೆಂಕಣಿಕೋಟೆ ಬಸ್ಸು ನಿಂತಿತ್ತು. ತಮ್ಮ ಸೀಟು ಹಿಡಿಯಲು ಹತ್ತಿದ. ಅವಳು ಹತ್ತಲಿಲ್ಲ. ಚೀಲ ಬಿಚ್ಚಿ, ಪಂಚೆ ಬಿಡಿಸಿ, ಗಿಂಡಿಯನ್ನು ನನ್ನ ಮುಂದೆ ಹಿಡಿದಳು.

"ನೋಡ್ಕೊಂಡ್ಬುಡಿ ಬಾವ" ಎಂದಳು.

"ಬೇಡಮ್ಮ. ನೋಡೋದೇನಿದೆ? ನೀನೇ ಇಟ್ಕೊ, ಅಮ್ಮ ನಿನಗೇ ಕೊಟ್ಟಿದ್ದು" ಎಂದೆ. ಇಡೀ ದಿನ ಈ ಮಾತನ್ನೇ ಬಾಯಲ್ಲಿ ಜೋಡಿಸಿಕೊಂಡಿದ್ದೆ.

"ಹಂಗಲ್ಲ. ಕೊಕ್ಕು, ಮುಚ್ಚಳ, ಹಿಡಿ, ಎಲ್ಲಾ ನೋಡ್ಕಳಿ. ನಾಳೆ ಒಂದ್ ಮಾತ್ ಬರ್ಬಾರ್ದು."

ಕಂಡಕ್ಟರ್ ತಮಿಳಿನಲ್ಲಿ ಕೂಗುತ್ತಿದ್ದ. ಕಿಟಕಿಯಿಂದ ತಮ್ಮ ಇಣುಕಿದ. ಅವಳು ಗಿಂಡಿ ಹಿಡಿದ ಕೈಯನ್ನು ಇಳಿಸಲಿಲ್ಲ. ನಾನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಕೊಕ್ಕು ನೋಡಿದೆ, ಮುಚ್ಚಳ ನೋಡಿದೆ, ಹಿಡಿ ನೋಡಿದೆ. ಸರಿಯಿದೆ ಎಂದೆ. ಆಮೇಲೆ ಅವಳು ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.